ಮಾರ್ತಾ ಕೇಳಿದ ಪ್ರಶ್ನೆ

1997ರ ಜುಲೈಯಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ತೀರ್ಥಹಳ್ಳಿ ಸೀಮೆಯ ತೋಟವೊಂದರಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅಡಿಕೆ ಮರ ಹತ್ತಿದ್ದ ಅಪ್ಪ, ಮಳೆ ಬಿಟ್ಟ ಅರ್ಧ ಗಂಟೆಯ ಹೊಳವಿನಲ್ಲಿ ಕಾಲು ಜಾರಿ ಬಿದ್ದು ತೀರಿಕೊಂಡರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ನನಗೆ ಹೇಳಿಕೊಟ್ಟವರು ಅವರೇ. ಅವರ ಅಂಗಿಯ ತೋಳಿನ ಮೇಲಿನ ನೀಲಿ ಕಲೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ; ಆ ಅಂಗಿಯನ್ನು ಅಮ್ಮ ಇಂದಿಗೂ ಇಟ್ಟುಕೊಂಡಿದ್ದಾರೆ.

ಚರ್ಚಿನಲ್ಲಿ ಏಳನೆಯ ದಿನದ ಬಲಿಪೂಜೆ ಮುಗಿಸಿಕೊಂಡು ಶಿವಮೊಗ್ಗದ ನಮ್ಮ ಹಾಸ್ಟೆಲಿಗೆ ಮರಳಿದೆ. ಎಲ್ಲವೂ ದೇವರ ಚಿತ್ತ ಎಂದು ಬಂಧುಗಳು ಹೇಳಿದ್ದ ಮಾತು ಎದೆಯಲ್ಲಿ ಕಲ್ಲಿನಂತೆ ಕುಳಿತಿತ್ತು. ಮಣಿ ಎಣಿಸುತ್ತಾ ಮಾತೆ ಮರಿಯಳನ್ನು ಪ್ರಾರ್ಥಿಸುವ ಸಂಜೆಯ ಜಪಸರದಲ್ಲಿ ಎಲ್ಲರೊಡನೆ 'ನಮೋ ಮರಿಯೆ' ಎಂದು ಆರಂಭಿಸುತ್ತಿದ್ದೆನಾದರೂ, ಮರಣದ ಸಮಯದಲ್ಲಿ ನಮಗಾಗಿ ಪ್ರಾರ್ಥಿಸು ಎಂಬಲ್ಲಿಗೆ ಬಂದಾಗ ಸ್ವರ ಹೊರಡುತ್ತಿರಲಿಲ್ಲ. ಒಂದು ಜಪಸರದಲ್ಲಿ ಆ ಮಾತು ಐವತ್ತಕ್ಕೂ ಹೆಚ್ಚು ಬಾರಿ ಬರುತ್ತದೆ.

ಇದನ್ನು ಗಮನಿಸಿದವರು ನಮ್ಮ ವಾರ್ಡನ್ ಸಿಸ್ಟರ್. ಒಂದು ರಾತ್ರಿ, ಉಳಿದವರು ಮಲಗಿದ ಮೇಲೆ, ಅವರು ನನ್ನನ್ನು ಓದುವ ಕೋಣೆಗೆ ಕರೆದು ಬೈಬಲಿನಲ್ಲಿರುವ ಸಂತ ಯೊವಾನ್ನರ ಶುಭಸಂದೇಶದ ಹನ್ನೊಂದನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಲು ಹೇಳಿದರು. ಲಾಸರನು ಸತ್ತು ಸಮಾಧಿಯಲ್ಲಿ ನಾಲ್ಕು ದಿನಗಳಾದ ಮೇಲೆ ಯೇಸು ಬೆಥಾನಿಯಕ್ಕೆ ಬರುತ್ತಾರೆ; ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮಾರ್ತಾ ಅವರ ಮುಖಕ್ಕೇ ಹೇಳುತ್ತಾಳೆ. ಅಲ್ಲಿ ಸಿಸ್ಟರ್ ನನ್ನನ್ನು ತಡೆದರು.

"ಸ್ವಾಮಿ ಅವಳನ್ನು ಗದರಿದರಾ, ನೋಡು."

"ಇಲ್ಲ ಸಿಸ್ಟರ್."

"ಹಾಗಾದರೆ ನೀನೂ ಕೇಳು ಮಗಳೇ. ಬಾಯಿ ಕಟ್ಟಿಕೊಂಡು ಕೂರಬೇಡ."

ಮುಂದೆ ಓದಿದೆ. ತಾನೇ ಪುನರುತ್ಥಾನ, ತಾನೇ ಜೀವ ಎಂದು ಯೇಸು ಹೇಳುವುದು 25ನೆಯ ವಚನದಲ್ಲಿ. ಅವರು ಕಣ್ಣೀರಿಡುವುದು 35ರಲ್ಲಿ. ಭರವಸೆಯ ಮಾತು ಮೊದಲು, ಅಳು ಅನಂತರ! ಇನ್ನು ಸ್ವಲ್ಪ ಹೊತ್ತಿಗೆ ಲಾಸರನನ್ನು ಸಾವಿನಿಂದ ಎಬ್ಬಿಸಲಿದ್ದೇನೆಂದು ಬಲ್ಲವರೇ ಅತ್ತರೆಂದ ಮೇಲೆ, ಅಪ್ಪನನ್ನು ಮತ್ತೆ ಕಾಣುವೆನೆಂದು ನಂಬುವ ನಾನು ಅತ್ತರೆ ಅದು ನಂಬಿಕೆಯ ಕೊರತೆ ಹೇಗಾದೀತು? ಅಂದು ನಾನು ಅತ್ತಷ್ಟು ಮಣ್ಣಿನ ದಿನವೂ ಅತ್ತಿರಲಿಲ್ಲ. ಸಿಸ್ಟರ್ ಸಮಾಧಾನ ಹೇಳಲಿಲ್ಲ, ಪಕ್ಕದಲ್ಲಿ ಕುಳಿತಿದ್ದರು, ಅಷ್ಟೇ. ಎಷ್ಟೋ ಮರಣದ ಮನೆಗಳಿಗೆ ಹೋಗಿ ಬಂದಿರುವ ನನಗೆ ಅದಕ್ಕಿಂತ ದೊಡ್ಡ ಉಪಕಾರ ಇದೆಯೆಂದು ಈಗಲೂ ಅನ್ನಿಸುವುದಿಲ್ಲ.

ಆಮೇಲಿನ ಎಷ್ಟೋ ವಾರ ನಾನು ದೇವರೊಡನೆ ಜಗಳವನ್ನೇ ಆಡಿದೆ. ಅದೂ ಪ್ರಾರ್ಥನೆಯೇ ಎಂದು ಸಿಸ್ಟರ್ ಬೈಬಲಿನ 22ನೆಯ ಕೀರ್ತನೆಯನ್ನು ತೋರಿಸಿದರು. ನನ್ನನ್ನೇಕೆ ಕೈಬಿಟ್ಟೆ ಎಂಬ ಅದರ ಮೊದಲ ಮಾತನ್ನೇ ಶಿಲುಬೆಯ ಮೇಲೆ ಯೇಸು ಕೂಗಿದ್ದು.

ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ, ನಾನು ಊರಿನಲ್ಲಿದ್ದೆ. ಮಳೆಗಾಲದಲ್ಲಿ ಸಮಾಧಿಯ ಮೇಲೆ ಸೊಂಟದೆತ್ತರ ಬೆಳೆದಿದ್ದ ಹುಲ್ಲನ್ನು ಅಪ್ಪನೊಡನೆ ಮರ ಹತ್ತುತ್ತಿದ್ದ ಗೆಳೆಯರು ಕತ್ತಿಯಿಂದ ಸವರಿ ಹಸನು ಮಾಡಿದ್ದರು. ಅವರಲ್ಲಿ ಒಬ್ಬರೂ ಕ್ರೈಸ್ತರಲ್ಲ. ಫಾದರ್ ತೀರ್ಥ ಚಿಮುಕಿಸಿ ಮುಂದೆ ಸಾಗಿದ ಮೇಲೆ ಅಮ್ಮ ಗಾಳಿಗೆ ಅಂಗೈ ಅಡ್ಡ ಹಿಡಿದು ಮೇಣದಬತ್ತಿ ಹಚ್ಚಿದರು. 'ನಮೋ ಮರಿಯೆ' ಆರಂಭಿಸಿದವಳು ನಾನು. ಮರಣದ ಮಾತಿನ ಬಳಿ ಸ್ವರ ಒಡೆಯಿತು. ಅಮ್ಮ ಕೈ ಹಿಡಿದುಕೊಂಡರು, ಇಬ್ಬರೂ ಸೇರಿ ಆಮೆನ್ ತನಕ ಹೇಳಿದೆವು.