ಮಲೆನಾಡಿನ ಹೋಮ್‌ಸ್ಟೇ: ಮೊದಲು ದಿಕ್ಕು ನೋಡಿ, ಆಮೇಲೆ ಮನೆ

ಜೋಗ, ಆಗುಂಬೆ, ಕೊಡಚಾದ್ರಿ, ಸಿಗಂದೂರು ಎಲ್ಲವೂ ಶಿವಮೊಗ್ಗ ಜಿಲ್ಲೆಯಲ್ಲೇ ಇವೆಯಲ್ಲ ಎಂದು ಫೋಟೋ ಚೆಂದ ಕಂಡ ಯಾವುದೋ ಒಂದು ಹೋಮ್‌ಸ್ಟೇ ಬುಕ್ ಮಾಡಿ, ಅಲ್ಲಿಂದಲೇ ಎಲ್ಲ ಸುತ್ತಿಬಿಡೋಣ ಅಂತ ಬರುವವರು ಬಹಳ. ಅವರ ಅರ್ಧ ರಜೆ ಕಾರಿನಲ್ಲೇ ಮುಗಿಯುತ್ತದೆ. ಆಗುಂಬೆಯಿಂದ ಜೋಗ ನೂರು ಕಿಲೋಮೀಟರಿಗೂ ಮೇಲೆ. ಬಯಲುಸೀಮೆಯ ಹೈವೇ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತಿರುವು, ಏರು, ಎದುರು ಬಂದ ಬಸ್ಸಿಗೆ ಪಕ್ಕಕ್ಕೆ ಸರಿಯುವುದು ಎಲ್ಲ ಸೇರಿ ಗಂಟೆಗೆ 35–40 ಕಿ.ಮೀ. ಎಂದು ಹಿಡಿದುಕೊಳ್ಳಿ. ಮಳೆ ಹಿಡಿದರೆ ಇನ್ನೂ ಕಡಿಮೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಜುಲೈ, ಆಗಸ್ಟಿನಲ್ಲಿ ಜೋಗಕ್ಕೆ ಮಂಜು ಕವಿದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಾಯ, ಬರೀ ಸದ್ದು ಕೇಳುತ್ತದೆ. ಅರ್ಧ ಗಂಟೆಯಲ್ಲಿ ಗಾಳಿ ಬೀಸಿ ತೆರೆಯಲೂಬಹುದು, ಸಂಜೆಯವರೆಗೆ ತೆರೆಯದೆಯೂ ಇರಬಹುದು. ಹತ್ತಿರ ಉಳಿದವರು ಊಟ ಮುಗಿಸಿ ಮತ್ತೆ ಬರುತ್ತಾರೆ, ಇಲ್ಲದಿದ್ದರೆ ಮರುದಿನ ಬೆಳಗ್ಗೆ ಬರುತ್ತಾರೆ. ಮೂರು ಗಂಟೆ ಗಾಡಿ ಓಡಿಸಿ ಬಂದವರಿಗೆ ಆ ಸವಲತ್ತಿಲ್ಲ. ಆದ್ದರಿಂದ ಯಾವ ಜಾಗ ನೋಡಲೇಬೇಕು ಎಂದಿದೆಯೋ ಅಲ್ಲಿಂದ ಒಂದು ಗಂಟೆಯ ಒಳಗೆ ಮನೆ ಹಿಡಿಯಿರಿ. ನಾಲ್ಕೈದು ದಿನ ಇದ್ದರೆ ಎರಡು ಕಡೆ ಉಳಿಯುವುದೇ ಸರಿ.

ಜೋಗಕ್ಕೆಂದು ಬರುವವರಿಗೆ ಸಾಗರದ ಸುತ್ತಮುತ್ತ ಅನುಕೂಲ. ಜಲಪಾತ ಸುಮಾರು 30 ಕಿ.ಮೀ., ಇಕ್ಕೇರಿ, ಕೆಳದಿ, ಹೆಗ್ಗೋಡು ಎಲ್ಲ ಹತ್ತು ಕಿ.ಮೀ. ಆಸುಪಾಸಿನಲ್ಲೇ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಸಾಗರದಲ್ಲೋ ತಾಳಗುಪ್ಪದಲ್ಲೋ ಇಳಿಯಬಹುದು. ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಮನೆಗಳ ಬಗ್ಗೆ ಹಳೆಯ ರಿವ್ಯೂ ಓದಿ ಹೆದರಬೇಡಿ. ಮೊದಲು ಸಂಜೆಗೆ ಹಿನ್ನೀರು ದಾಟಿಸುವ ಲಾಂಚ್ ನಿಂತರೆ ಆಚೆಯವರು ಆಚೆಯೇ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಲೆಕ್ಕವೇ ಬದಲಾಗಿದೆ, ಸಿಗಂದೂರಿಗೆ ಕಾರು ನೇರ ಹೋಗುತ್ತದೆ. ಆದರೆ ಬೇಸಿಗೆಯಲ್ಲಿ ಜೋಗಕ್ಕಾಗಿಯೇ ಈ ಕಡೆ ಮನೆ ಹಿಡಿಯಬೇಡಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗಿನಿಂದ ನೀರೆಲ್ಲ ಮೇಲೆಯೇ ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ಕಾಣುವುದು ಬಂಡೆ.

ಆಗುಂಬೆ, ಕವಲೇದುರ್ಗ, ಕುಂದಾದ್ರಿ, ಕುಪ್ಪಳಿಯ ಕವಿಮನೆ ನೋಡುವವರು ತೀರ್ಥಹಳ್ಳಿ ಕಡೆ ಇರಬೇಕು. ಶಿವಮೊಗ್ಗದಿಂದ ಬರುವ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರ ಸಿಗುತ್ತದೆ. ಆನೆಗಳ ಸ್ನಾನ ಬೆಳಗಿನ ಹೊತ್ತು ಮಾತ್ರ, ಹಾಗಾಗಿ ಅದನ್ನು ಬರುವ ದಿನವೇ ಮುಗಿಸಿಕೊಳ್ಳಿ, ಅದಕ್ಕೆಂದು ಇನ್ನೊಮ್ಮೆ ವಾಪಸ್ ಬರುವ ಕೆಲಸ ಇಟ್ಟುಕೊಳ್ಳಬೇಡಿ. ಮುಂದೆ ಅದೇ ರಸ್ತೆಯಲ್ಲಿ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಆಗುಂಬೆಯ ಸೂರ್ಯಾಸ್ತ ಕಾಣುವುದು ಚಳಿಗಾಲದ ತಿಳಿ ಆಕಾಶದಲ್ಲಿ. ನೋಡಿದ ಮೇಲೆ ಕತ್ತಲಲ್ಲಿ ಕಾಡಿನ ರಸ್ತೆ ಹಿಡಿದು ಮರಳಬೇಕಲ್ಲ, ಅದಕ್ಕೇ ತೀರ್ಥಹಳ್ಳಿ ಪೇಟೆಗಿಂತ ಆಗುಂಬೆಗೆ ಹತ್ತಿರದ ಮನೆ ಒಳ್ಳೆಯದು. ಕೊಡಚಾದ್ರಿ ಬೇರೆಯೇ ಲೆಕ್ಕ: ನಗರ, ನಿಟ್ಟೂರು ಕಡೆ ಉಳಿದು, ಜೀಪನ್ನು ಮನೆಯವರ ಮೂಲಕವೇ ಹಿಂದಿನ ದಿನ ಗೊತ್ತುಮಾಡಿಸಿಕೊಳ್ಳಿ. ನಿಮ್ಮ ಕಾರು ಆ ದಾರಿ ಹತ್ತುವುದಿಲ್ಲ.

ದಿಕ್ಕು ಗೊತ್ತಾದ ಮೇಲೆ ಫೋನ್ ಮಾಡಿ. ಆ್ಯಪ್‌ನಲ್ಲಿ ಬುಕ್ ಮಾಡುವವರೂ ಒಮ್ಮೆ ಮನೆಯವರ ಹತ್ತಿರ ಮಾತಾಡಲೇಬೇಕು. ಮೊದಲು ಕೇಳಬೇಕಾದದ್ದು: “ಮಳೆ ಬಿದ್ದಾಗ ಕಾರು ಅಂಗಳದವರೆಗೆ ಬರುತ್ತದಾ?” ಟಾರು ರಸ್ತೆ ಬಿಟ್ಟ ಮೇಲಿನ ಒಂದೆರಡು ಕಿಲೋಮೀಟರ್ ಕೆಮ್ಮಣ್ಣಿನ ಇಳಿಜಾರೇ ತೊಂದರೆ ಕೊಡುವುದು. ಇಳಿಯುವಾಗ ಸಲೀಸಾಗಿ ಇಳಿಯುತ್ತದೆ, ರಾತ್ರಿ ಮಳೆ ಹೊಯ್ದರೆ ಬೆಳಗ್ಗೆ ಹತ್ತುವಾಗ ಮುಂದಿನ ಚಕ್ರ ಅಲ್ಲೇ ತಿರುಗುತ್ತದೆ. “ಜೀಪ್ ಕಳಿಸ್ತೀವಿ, ನೀವು ಬನ್ನಿ” ಅಂದರೆ ಕಾರನ್ನು ಮೇಲೆಯೇ ಬಿಡಬೇಕು ಎಂದರ್ಥ. ಎಲ್ಲಿ ಬಿಡುವುದು, ಜೀಪಿಗೆ ಬೇರೆ ದುಡ್ಡು ಇದೆಯೇ ಎಂದು ಆಗಲೇ ಕೇಳಿ.

ನೀರು, ಕರೆಂಟಿನ ಮಾತು ಒಟ್ಟಿಗೇ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಒಂದೆರಡು ದಿನ ಕರೆಂಟು ಇಲ್ಲದಿರುವುದೂ ಉಂಟು. ಯುಪಿಎಸ್‌ನಲ್ಲಿ ದೀಪ, ಫ್ಯಾನ್ ನಡೆಯುತ್ತವೆ, ಗೀಸರ್ ನಡೆಯುವುದಿಲ್ಲ. ಬಚ್ಚಲಲ್ಲಿ ಹಂಡೆ, ಕೆಳಗೆ ಒಲೆ ಇರುವ ಮನೆಗೆ ಈ ಚಿಂತೆಯೇ ಇಲ್ಲ. ಅಡಕೆ ಸಿಪ್ಪೆಯೋ ಕಟ್ಟಿಗೆಯೋ ಒಲೆಯಲ್ಲಿ ಕನಲುತ್ತಿದ್ದರೆ ದಿನವಿಡೀ ಬಿಸಿನೀರು. ಇಂಥ ಮನೆ ಸಿಕ್ಕರೆ ಈಜುಕೊಳದ ರೆಸಾರ್ಟಿಗಿಂತ ಇದನ್ನೇ ಆರಿಸಿಕೊಳ್ಳಿ ಎನ್ನುತ್ತೇವೆ. ಹಲವು ಮನೆಗಳಿಗೆ ಗುಡ್ಡದ ಅಬ್ಬಿಯ (ಝರಿಯ) ನೀರು ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ, ಪಂಪಿನ ಹಂಗಿಲ್ಲ. ಜೋರು ಮಳೆಗೆ ಪೈಪಿನ ಬಾಯಿಗೆ ಎಲೆ, ಮರಳು ಕಟ್ಟಿಕೊಂಡು ನೀರು ನಿಂತರೆ ಮನೆಯವರು ಗುಡ್ಡ ಹತ್ತಿ ಬಿಡಿಸಿ ಬರಬೇಕು, ಸ್ವಲ್ಪ ತಾಳ್ಮೆ ಇರಲಿ. ಏಪ್ರಿಲ್, ಮೇನಲ್ಲಿ ಅಬ್ಬಿ ಸೊರಗುತ್ತದೆ. ಆಗ ಬರುವವರು ಬಾವಿ ಇದೆಯೇ ಎಂದು ಕೇಳಿಕೊಳ್ಳಿ.

ಊಟದ ವಿಷಯದಲ್ಲಿ ಮುಜುಗರ ಬೇಡ. ಸಾಗರ, ಹೊಸನಗರ ಕಡೆಯ ಹವ್ಯಕರ ಮನೆಗಳಲ್ಲಿ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಪತ್ರೊಡೆ ಸಿಗುತ್ತದೆ, ಮೊಟ್ಟೆಯೂ ಬರುವುದಿಲ್ಲ, ಹೊರಗಿನಿಂದ ತರುವುದೂ ಸಲ್ಲದು. ಕಡುಬು, ಕೋಳಿ ಸಾರು ಬೇಕೆಂದರೆ ತೀರ್ಥಹಳ್ಳಿ ಕಡೆಯ ಗೌಡರ ಮನೆಗಳಲ್ಲಿ ವಿಚಾರಿಸಿ. ಸಂಜೆ ತಡವಾಗುವುದಾದರೆ ಮಧ್ಯಾಹ್ನವೇ ತಿಳಿಸಿ, ಹತ್ತಿರದಲ್ಲಿ ಹೋಟೆಲ್ ಇರುವುದಿಲ್ಲ. ದರ ತಲೆಗೋ ರೂಮಿಗೋ, ಎಷ್ಟು ಹೊತ್ತಿನ ಊಟ ಸೇರಿದೆ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನೆಟ್‌ವರ್ಕ್ ಸಿಗದೆ ಯುಪಿಐ ಕೈಕೊಡುತ್ತದೆ, ನಗದು ಇರಲಿ.

ನವೆಂಬರ್‌ನಿಂದ ಜನವರಿ ಅಡಕೆ ಕೊಯ್ಲಿನ ಕಾಲ. ಮನೆಯವರಿಗೆ ಪುರುಸೊತ್ತಿಲ್ಲ, ಆದರೂ ಇದೇ ನೋಡಬೇಕಾದ ಹೊತ್ತು. ರಾತ್ರಿ ಕೂತು ಸುಲಿಯುವುದು, ದೊಡ್ಡ ಹಂಡೆಯ ಚೊಗರಿನಲ್ಲಿ (ಅಡಕೆ ಬೇಯಿಸಿ ಬಂದ ರಸದಲ್ಲಿ) ಬೇಯಿಸುವುದು, ಬೆಳಗ್ಗೆ ಅಟ್ಟದ ಮೇಲೆ ಹರಡುವುದು. ಮಕ್ಕಳನ್ನು ಆ ಹಂಡೆಯಿಂದ ದೂರವಿಡಿ.

ಮಳೆಗಾಲದಲ್ಲಿ ಇಂಬಳ (ಜಿಗಣೆ) ಕಚ್ಚಿದರೆ ಉಪ್ಪೋ ಸುಣ್ಣವೋ ಮುಟ್ಟಿಸಿದರೆ ಬಿಡುತ್ತದೆ, ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ಉಣುಗಿನಿಂದ (ಉಣ್ಣೆಹುಳದಿಂದ). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗೆ. ಆ ತಿಂಗಳುಗಳಲ್ಲಿ ಬರುವುದಾದರೆ ಸುತ್ತ ಎಲ್ಲಾದರೂ ಮಂಗ ಸತ್ತ ಸುದ್ದಿ ಇದೆಯೇ ಎಂದು ಮನೆಯವರನ್ನು ಕೇಳಿ. ಇದ್ದರೆ ಆ ಕಾಡಿನ ಕಡೆ ಕಾಲಿಡಬೇಡಿ. ತರಗೆಲೆಯ ಮೇಲೆ ಕೂರಬೇಡಿ, ಮೈ ತುಂಬ ಬಟ್ಟೆ ಹಾಕಿ, ಮರಳಿದ ಕೂಡಲೇ ಬಿಸಿನೀರು, ಸೋಪಿನಲ್ಲಿ ಮಿಂದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಊರಿಗೆ ಹೋದ ಒಂದೆರಡು ವಾರದಲ್ಲಿ ಜ್ವರ ಬಂದರೆ ಮಲೆನಾಡಿನ ಕಾಡು ತಿರುಗಿ ಬಂದಿದ್ದೇವೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.