ಯಂತ್ರ ಓದಿಕೊಟ್ಟ ಮಲಯಾಳ ನೋಟೀಸು

ಮಂಜೇಶ್ವರ ತಾಲೂಕಿನ ನಮ್ಮ ಮನೆಗೆ ಮಲಯಾಳದಲ್ಲಿ ಮಾತ್ರ ಅಚ್ಚಾದ ಜಾಗದ ಮರುಸರ್ವೆಯ ನೋಟೀಸು ಬಂದಾಗ, ಅದರ ಫೋಟೋ ತೆಗೆದು ಕೃತಕ ಬುದ್ಧಿಮತ್ತೆಯ ಆ್ಯಪಿಗೆ ಕೊಟ್ಟೆ. ಅರ್ಧ ನಿಮಿಷದಲ್ಲಿ ಕನ್ನಡ ಅನುವಾದ ಸಿಕ್ಕಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಂಥ ಕಾಗದಗಳನ್ನು ಹಿಡಿದು ಓದಬಲ್ಲವರನ್ನು ಹುಡುಕುತ್ತ ಅಲೆದ ಅಜ್ಜನ ತಲೆಮಾರಿಗೆ ಇದು ಪವಾಡವೆಂದೇ ತೋರುತ್ತಿತ್ತು.

ಆದರೆ ‘ಆಕ್ಷೇಪವಿಲ್ಲದಿದ್ದರೆ’ ಎಂಬುದು ಅನುವಾದದಲ್ಲಿ ‘ಆಕ್ಷೇಪವಿದ್ದರೆ’ ಎಂದಾಗಿತ್ತು, ಅದೂ ಯಾವ ಅಳುಕೂ ಇಲ್ಲದ ಗಂಭೀರ ಕನ್ನಡದಲ್ಲಿ. ಮುಂದಿನ ಪದ ಯಾವುದಿರಬಹುದೆಂದು ಸಂಭಾವ್ಯತೆಯ ಆಧಾರದಲ್ಲಿ ಊಹಿಸುತ್ತ ಹೋಗುವ ಈ ಯಂತ್ರಗಳು ಸರಿಯನ್ನೂ ತಪ್ಪನ್ನೂ ಒಂದೇ ದನಿಯಲ್ಲಿ ಹೇಳುತ್ತವೆ.

2024ರ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಜೆಫ್ರಿ ಹಿಂಟನ್, ಯಂತ್ರಗಳು ಮನುಷ್ಯನ ಹಿಡಿತವನ್ನೇ ಮೀರಬಹುದೆಂದು ಎಚ್ಚರಿಸುತ್ತ ಬಂದಿದ್ದಾರೆ. ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲವಾದರೂ, ನನ್ನ ಭಯ ಅದಕ್ಕಿಂತ ಸಣ್ಣದು, ಮನೆಯ ಹತ್ತಿರದ್ದು. ಅಂತರ್ಜಾಲದಲ್ಲಿ ಹೇರಳವಾಗಿ ಸಿಗುವ ಬರಹವನ್ನೇ ಉಂಡು ಬೆಳೆಯುವ ಯಂತ್ರಕ್ಕೆ, ತುಳು, ಮಲಯಾಳ, ಬ್ಯಾರಿಗಳ ನಡುವೆ ಉಳಿದುಬಂದ ನಮ್ಮ ಕನ್ನಡವೂ ಹವ್ಯಕರ ಮನೆಮಾತೂ ಕಣ್ಣಿಗೆ ಬೀಳುವುದೇ ಅಪರೂಪ. ಅಮ್ಮನ ‘ಪೇಟೆಗೆ ಹೋಪಲಿದ್ದು’ ಎಂಬ ಮಾತನ್ನು ಅದು ತಪ್ಪೆಂದು ಭಾವಿಸಿ ‘ಹೋಗಬೇಕಿದೆ’ ಎಂದು ತಿದ್ದಿತು. (ಅಮ್ಮನಿಗೆ ಇದನ್ನು ಹೇಳಿಲ್ಲ.)

ನೋಟೀಸನ್ನು ಕೊನೆಗೆ ಸರಿಯಾಗಿ ಓದಿಕೊಟ್ಟದ್ದು, ಶಾಲೆಯಲ್ಲಿ ಮಲಯಾಳ ಕಲಿಯುತ್ತಿರುವ ಪಕ್ಕದ ಮನೆಯ ಹುಡುಗ.