ಎಲೆ ಕೇಳಿಕೊಂಡು ಬಂದವರು

ಶಿವರಾತ್ರಿ ಕಳೆದು ಎರಡನೇ ಭಾನುವಾರ. ಬೆಳಿಗ್ಗೆ ಏಳು ಗಂಟೆಗೆ ನಾನು ಹಿತ್ತಲಲ್ಲಿ ಸ್ಟೂಲು ಹತ್ತಿ, ಮೊಮ್ಮಗಳ ಬಣ್ಣದ ಬ್ರಷ್ಷು ಹಿಡಿದು, ಮುಳ್ಳುರಾಮಫಲದ ಹೂವಿಗೆ ಪರಾಗ ಸವರುತ್ತಿದ್ದೆ. ಲಕ್ಷ್ಮಣಫಲ, ಹನುಮಫಲ ಅಂತಲೂ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಮೊದಲಿನಿಂದ ಮುಳ್ಳುರಾಮಫಲವೇ.

ಈ ಹೂ ನೋಡದವರಿಗೆ ಸ್ವಲ್ಪ ಹೇಳಬೇಕು. ದಳಗಳು ತೆಳ್ಳಗಿರುವುದಿಲ್ಲ, ಬೆಣ್ಣೆ ಬಣ್ಣದ ದಪ್ಪ ತೊಗಲಿನ ಹಾಗಿರುತ್ತವೆ. ಹೊರಗೆ ಮೂರು, ಒಳಗೆ ಮೂರು. ರೆಂಬೆಯ ತುದಿಗೇ ಬರಬೇಕೆಂದಿಲ್ಲ, ಹಳೇ ಕಾಂಡಕ್ಕೆ ಅಂಟಿಕೊಂಡೂ ಬಿಡುತ್ತದೆ. ದಳ ಸರಿಸಿದರೆ ನಡುವೆ ಒಂದು ಪುಟ್ಟ ಗುಬ್ಬಿ. ಅದರ ನೆತ್ತಿಯಲ್ಲಿ ಹೆಣ್ಣು ಭಾಗ, ಸುತ್ತಲೂ ಒತ್ತೊತ್ತಾಗಿ ಗಂಡು ಕೇಸರ. ಎರಡೂ ಒಂದೇ ಹೂವಿನಲ್ಲಿದ್ದರೂ ಹೊತ್ತು ಕೂಡಿ ಬರುವುದಿಲ್ಲ. ಮೊದಲು ಹೆಣ್ಣು ಭಾಗ ಜೇನು ಸವರಿದ ಹಾಗೆ ಹೊಳೆಯುತ್ತದೆ. ಆ ಅಂಟು ಆರಿದ ಮೇಲೆ ಪರಾಗ ಉದುರುತ್ತದೆ. ಹಾಗಾಗಿ ಉದುರುವ ಹೂವಿನ ಪುಡಿಯನ್ನು ಒಂದು ಕಾಗದದ ಮೇಲೆ ಕೊಡವಿಕೊಂಡು, ಈಗಷ್ಟೇ ಬಾಯಿ ಬಿಡುತ್ತಿರುವ ಇನ್ನೊಂದು ಹೂವಿಗೆ ಮುಟ್ಟಿಸಬೇಕು. ಸೀತಾಫಲದ್ದೂ ಇದೇ ಸ್ವಭಾವ, ಎರಡೂ ಒಂದೇ ಕುಲ. ಇದರ ತವರು ಅಮೆರಿಕ ಖಂಡದ ಬಿಸಿಲು ನಾಡು. ಅಲ್ಲಿ ಸಣ್ಣ ದುಂಬಿಗಳು ಮಾಡುವ ಕೆಲಸವನ್ನು ಮಂಡ್ಯದ ಹಿತ್ತಲಲ್ಲಿ ನಾನು ಮಾಡುತ್ತೇನೆ.

ಗಿಡ ನೆಟ್ಟಿದ್ದು 2014ರಲ್ಲಿ. ಪುತ್ತೂರಿನ ಕಡೆಯ ನೆಂಟರ ಮನೆಯಲ್ಲಿ ಹಣ್ಣು ತಿಂದು, ಬೀಜವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದೆ. 2018ರಲ್ಲಿ ಮೊದಲ ಸಲ ಹೂ ಬಿಟ್ಟು ಎಲ್ಲವೂ ಉದುರಿ, ಒಂದೇ ಒಂದು ಕಾಯಿ ನಿಂತಿತು, ಅದೂ ಸೊಟ್ಟಗೆ. ಯಾಕೆ ಸೊಟ್ಟಗಾಯಿತು ಅಂತ ಆಮೇಲೆ ತಿಳಿಯಿತು. ನಾವು ಒಂದು ಹಣ್ಣು ಅನ್ನುವುದು ಹತ್ತಾರು ಪುಟ್ಟ ಹಣ್ಣುಗಳು ಕೂಡಿಕೊಂಡದ್ದು. ಸಿಪ್ಪೆಯ ಮೇಲಿನ ಒಂದೊಂದು ಮೆತ್ತನೆಯ ಮುಳ್ಳೂ ಅಂಥ ಒಂದೊಂದರ ಗುರುತು. ಪರಾಗ ತಲುಪದ ಕಡೆ ಉಬ್ಬುವುದಿಲ್ಲ, ಹಣ್ಣು ಆ ಕಡೆಗೆ ಬಾಗುತ್ತದೆ. ಅದು ಗೊತ್ತಾದ ಮೇಲೆ ಬ್ರಷ್ಷನ್ನು ನೆತ್ತಿಯ ಸುತ್ತ ಮೂರು ಸಲ ತಿರುಗಿಸುವುದು ನನಗೆ ರೂಢಿ.

ಎರಡನೇ ಹೂವಿಗೆ ಸವರುವಷ್ಟರಲ್ಲಿ ಗೇಟಿನ ಸದ್ದು. ನಲವತ್ತೈದರ ಆಸುಪಾಸಿನ ಗಂಡಸು, ಹಿಂದೆ ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸು. ಟವೆಲ್ ನೋಡಿದ ಕೂಡಲೇ ಗೊತ್ತಾಯಿತು.

"ಅವ್ವಾ, ಲಕ್ಷ್ಮಣಫಲದ ಮರ ಇರೋ ಮನೆ ಇದೇನಾ? ಪಾಂಡವಪುರದ ಕಡೆಯಿಂದ ಬಂದಿವಿ. ಎಲೆ ಬೇಕಾಗಿತ್ತು." ಕೈಯಲ್ಲಿ ಮಡಚಿದ ಸಿಮೆಂಟ್ ಚೀಲ. ಒಂದು ಹಿಡಿಯಲ್ಲ, ಚೀಲ ತುಂಬ ಬೇಕಿತ್ತು ಅವರಿಗೆ.

ಹಿಂದೆಯಾಗಿದ್ದರೆ ನಾನೇ ದೋಟಿ ತಂದು ರೆಂಬೆ ಬಗ್ಗಿಸಿ ಕೊಡುತ್ತಿದ್ದೆ. ಮೂರು ವರ್ಷ ಹಾಗೆ ಕೊಟ್ಟಿದ್ದೇನೆ. ಈ ಎಲೆಗೆ ಕ್ಯಾನ್ಸರಿಗೆ ಕೊಡುವ ಕೀಮೋ ಔಷಧಿಗಿಂತ ಹತ್ತು ಸಾವಿರ ಪಟ್ಟು ಶಕ್ತಿ ಅನ್ನುವ ವಾಟ್ಸಾಪ್ ಸಂದೇಶ ನನಗೂ ಬಂದಿತ್ತು, ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ. ನಮ್ಮ ಬೀದಿಯ ಆಚೆಯವರೊಬ್ಬರು ವಾರಕ್ಕೊಮ್ಮೆ ಬಂದು ಎಲೆ ಒಯ್ಯುತ್ತಿದ್ದರು. ಮರದ ಬುಡಕ್ಕೆ ಕೈಮುಗಿದೇ ಕೀಳುತ್ತಿದ್ದರು. ಅವರು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದರು ಅಂತ ನನಗೆ ಗೊತ್ತಾದದ್ದು ಅವರ ತಿಥಿಯ ದಿನ. ಎಲೆಯಿಂದ ಹೋದರು ಅಂತ ನಾನು ಹೇಳಲಾರೆ. ಆದರೆ ನನ್ನ ಮರದ ಎಲೆ ನಂಬಿ ಆಸ್ಪತ್ರೆ ಬಿಟ್ಟರು ಅನ್ನುವುದು ಮಾತ್ರ ನಿಜ. ಅವತ್ತು ಊಟಕ್ಕೆ ಕೂತವಳು ಅನ್ನ ಮುಟ್ಟದೆ ಎದ್ದು ಬಂದೆ.

ಆಮೇಲೆ ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ತಂಗಿಯ ಮಗಳನ್ನು ಕೂರಿಸಿಕೊಂಡು ಕೇಳಿದೆ. ಅವಳು ಬಿಡಿಸಿ ಹೇಳಿದಳು. ಈ ಮರದ ಎಲೆ, ಬೀಜಗಳಲ್ಲಿರುವ ಕೆಲವು ಅಂಶಗಳು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕಣಗಳನ್ನು ಸಾಯಿಸುವುದು ಹೌದು. ಆದರೆ ಮನುಷ್ಯರಲ್ಲಿ ಕಾಯಿಲೆ ವಾಸಿ ಮಾಡುತ್ತದೆ ಅಂತ ಸಾಬೀತಾಗಿಲ್ಲ. ಕಣಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಕೆಲಸವನ್ನೇ ಅದು ತಡೆಯುತ್ತದೆ; ಒಳ್ಳೇ ಕಣ, ಕೆಟ್ಟ ಕಣ ಅಂತ ಭೇದ ಮಾಡುವುದಿಲ್ಲ. ಅದರಲ್ಲಿರುವ ಅನೋನಾಸಿನ್ ನರಕಣಗಳಿಗೆ ವಿಷ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಜನ ಈ ಎಲೆಯ ಕಷಾಯ ಕುಡಿಯುತ್ತಾರೆ, ಹಣ್ಣನ್ನೂ ಬಹಳ ತಿನ್ನುತ್ತಾರೆ. ಅಲ್ಲಿ ಪಾರ್ಕಿನ್ಸನ್ ತರಹದ, ಆದರೆ ಅದರ ಮಾತ್ರೆಗೆ ಸರಿಯಾಗಿ ಬಗ್ಗದ ನಡುಕದ ಕಾಯಿಲೆ ಹೆಚ್ಚಾಗಿ ಕಂಡುಬಂದು, ಈ ಮರದ ಮೇಲೆ ಅನುಮಾನವಿದೆ ಅಂತ 1999ರಲ್ಲೇ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಬಂದಿತ್ತು. "ದೊಡ್ಡಮ್ಮ, ಅಪರೂಪಕ್ಕೆ ಹಣ್ಣು ತಿನ್ನಿ, ಬೇಡ ಅನ್ನಲ್ಲ. ಬೀಜ ಮಾತ್ರ ಹೊಟ್ಟೆಗೆ ಹೋಗಬಾರದು. ಎಲೆ ಮಾತ್ರ ಯಾರಿಗೂ ಕುದಿಸಿ ಕುಡಿಸಬೇಡಿ" ಎಂದಳು.

ಅದನ್ನೆಲ್ಲ ಗೇಟಿನ ಹತ್ತಿರ ನಿಂತು ಹೇಳಲಾಗುತ್ತದೆಯೇ? "ಒಳಗೆ ಬನ್ನಿ, ಬಿಸಿಲು" ಎಂದೆ.

ಎದೆಯ ಕ್ಯಾನ್ಸರ್. ಆಪರೇಷನ್ ಆಗಿದೆ, ಆರು ಕೀಮೋದಲ್ಲಿ ಮೂರು ಮುಗಿದಿದೆ. ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುತ್ತಾರೆ. ನಾಲ್ಕನೆಯದಕ್ಕೆ ಬುಧವಾರ ಹೋಗಬೇಕು. "ಆ ಸೂಜಿ ಇನ್ನು ಬ್ಯಾಡ ಅಂತಾವಳೆ ಕಣವ್ವಾ. ಮೂರು ದಿನ ನೀರೂ ದಕ್ಕಲ್ಲ. ನೋಡಕಾಗಲ್ಲ ನನ್ನ ಕೈಲಿ. ಎಲೆ ಕುಡುದ್ರೆ ವಾಸಿ ಆಯ್ತದೆ ಅಂದ್ರು." ಆಕೆ ನೆಲ ನೋಡುತ್ತ ಕೂತಿದ್ದಳು. ಉಗುರುಗಳು ಕಪ್ಪಗಾಗಿದ್ದವು.

ಅಡುಗೆಮನೆಯಲ್ಲಿ ಒಂದು ಹಣ್ಣಿತ್ತು. ಈ ಹಣ್ಣನ್ನು ಮರದಲ್ಲೇ ಮಾಗಲು ಬಿಟ್ಟರೆ ಬಾವಲಿಯ ಪಾಲು, ಇಲ್ಲವೇ ನೆಲದ ಪಾಲು. ಮುಳ್ಳುಗಳು ಒಂದರಿಂದೊಂದು ದೂರವಾಗಿ, ಕಡು ಹಸಿರು ತಿಳಿಯಾದಾಗ ಕಿತ್ತಿಟ್ಟರೆ ನಾಲ್ಕೈದು ದಿನಕ್ಕೆ ಹೆಬ್ಬೆರಳಿಗೆ ಸೋಲುತ್ತದೆ. ಚಾಕು ಬೇಕಾಗಲಿಲ್ಲ, ಕೈಯಲ್ಲೇ ಇಬ್ಭಾಗವಾಯಿತು. ಒಳಗೆ ಹತ್ತಿಯಂಥ ಬಿಳಿ ತಿರುಳು, ಅನಾನಸ್ಸಿಗೆ ಒಂದಿಷ್ಟು ಹಾಲು ಬೆರೆಸಿದ ಹಾಗೆ ಘಮ. ಕಪ್ಪು ಬೀಜ ಒಂದೊಂದನ್ನೂ ಎಣಿಸಿ ತೆಗೆದು ತಟ್ಟೆಗೆ ಹಾಕಿ ಕೊಟ್ಟೆ. ಗಂಡ ತಿಂದ. ಆಕೆ ಒಂದು ಎಳೆ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಬಾಯೆಲ್ಲ ಹುಣ್ಣು, ಹುಳಿ ಉರಿಯಿತು. ನನಗೆ ಹೊಳೆಯಬೇಕಿತ್ತು. ತಟ್ಟೆ ಎತ್ತಿಕೊಂಡು, ರಾಗಿ ಗಂಜಿ ಕಾಯಿಸಿ ಆರಿಸಿ ಕೊಟ್ಟೆ. ನಿಧಾನವಾಗಿ ಲೋಟ ಖಾಲಿ ಮಾಡಿದಳು.

ಆಮೇಲೆ ಹೇಳಿದೆ. ತಿಥಿಯ ದಿನದ ಕಥೆಯನ್ನೂ ಮುಚ್ಚಿಡಲಿಲ್ಲ. "ಎಲೆ ಕೊಡಲ್ಲ ಕಣಪ್ಪ. ಕೊಡಬಾರದು. ಮೂರು ದಿನ ವಾಂತಿ ಆಗುತ್ತೆ ಅಂತ ಡಾಕ್ಟರಿಗೆ ಹೇಳಿದ್ದೀರಾ?"

"ಅವರು ಬಿಜಿ ಇರ್ತಾರೆ. ಕೇಳದು ಹೆಂಗೆ ಅಂತ ಸುಮ್ಕಾದೊ."

ನನಗೆ ಎದೆ ಹಿಂಡಿದಂತಾಯಿತು. ವಾಂತಿಗೆ ಮಾತ್ರೆ ಇದೆ, ಬಾಯಿ ಹುಣ್ಣಿಗೆ ಔಷಧಿ ಇದೆ, ಕೇಳಿದರೆ ಕೊಡುತ್ತಾರೆ. ಕೇಳುವ ಧೈರ್ಯವಿಲ್ಲದೆ ಒಂದು ಜೀವ ಚೀಲ ಹಿಡಿದು ನನ್ನ ಗೇಟಿಗೆ ಬಂದಿದೆ. ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂದೆ ದಪ್ಪ ಅಕ್ಷರದಲ್ಲಿ ಬರೆದೆ: ಮೂರು ದಿನ ವಾಂತಿ, ನೀರು ನಿಲ್ಲುವುದಿಲ್ಲ, ಬಾಯಿ ಹುಣ್ಣು, ಉಗುರು ಕಪ್ಪು. "ಮಾತಾಡಕ್ಕೆ ಆಗದಿದ್ದರೆ ಈ ಚೀಟಿ ಕೊಡಿ. ಬೇರೆ ಯಾವ ಕಷಾಯ ಕುಡಿಸಬೇಕಾದರೂ ಅವರನ್ನು ಕೇಳಿಯೇ ಕುಡಿಸಿ." ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗಿಟ್ಟುಕೊಂಡ. ಒಪ್ಪಿದನೋ, ನಿರಾಸೆಯಾಯಿತೋ, ಮುಖ ನೋಡಿ ನನಗೆ ತಿಳಿಯಲಿಲ್ಲ.

ಹೊರಡುವಾಗ ಆಕೆ ಹಿತ್ತಲ ಬಾಗಿಲಲ್ಲಿ ನಿಂತಳು. ಗೋಡೆಯ ಪಕ್ಕ ಹಾಲಿನ ಕವರಿನಲ್ಲಿ ನಾಲ್ಕು ಸಸಿ ಇದ್ದವು. "ಅವ್ವಾ, ಇದ್ರಲ್ಲಿ ಒಂದು ಕೊಡ್ತೀರಾ?" ಅವತ್ತು ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದೇ.

ಕೊಡಲೋ ಬೇಡವೋ ಅಂತ ಒಂದು ಗಳಿಗೆ ಹಿಂಜರಿದೆ. "ಎಲೆಗಲ್ಲ ತಾಯಿ, ಹಣ್ಣಿಗೆ" ಎಂದೆ.

"ಹಣ್ಣಿಗೇ ಕಣವ್ವಾ. ಬಾಯಿ ಸರಿಹೋದ ಮೇಲೆ ತಿನ್ನಕ್ಕೆ."

ನೀರು ನಿಲ್ಲದ ಕಡೆ ಹಾಕು, ಮೊದಲ ಬೇಸಿಗೆ ತೆಂಗಿನ ಗರಿ ನೆರಳು ಕಟ್ಟು, ಬೆಳ್ಳಗೆ ಹಿಟ್ಟು ತಿಗಣೆ ಕೂತರೆ ಬೇವಿನೆಣ್ಣೆಯನ್ನು ಸೋಪಿನ ನೀರಿಗೆ ಬೆರೆಸಿ ಹೊಡಿ ಎಂದೆಲ್ಲ ಹೇಳಿ, ಇದ್ದುದರಲ್ಲಿ ಗಟ್ಟಿ ಸಸಿ ಆರಿಸಿ ಕೈಗಿಟ್ಟೆ. ಗಂಡ ಖಾಲಿ ಸಿಮೆಂಟ್ ಚೀಲದ ತಳಕ್ಕೆ ಅದನ್ನು ನೆಟ್ಟಗೆ ಇಳಿಸಿದ.

"ಎಷ್ಟು ವರ್ಷಕ್ಕೆ ಬಿಡ್ತದೆ?"

"ನಮ್ಮದು ನಾಲ್ಕನೇ ವರ್ಷಕ್ಕೆ ಹೂ ಬಿಡ್ತು."

ಆಕೆ ಕಪ್ಪಾದ ಉಗುರಿನ ಬೆರಳು ಒಂದೊಂದೇ ಮಡಚಿದಳು. "ಅಷ್ಟೊತ್ತಿಗೆ ನಮ್ಮ ಚಿಕ್ಕೋನು ಎಸ್ಸೆಸ್ಸೆಲ್ಸಿ ಆಗಿರ್ತಾನೆ" ಎಂದು ಗಂಡನ ಮುಖ ನೋಡಿದಳು.